ಕಡಲಿಗೂ ಒಂದು ಬಾಗಿಲು

ನಮ್ ಲಕ್ಕೂರಿನ ಎಂಗಸ್ರಿಗೆ ನೀರು ಅಂದ್ರೆ ಕೆರೆ, ಬಾವಿ, ಬೋರ್‌ವೆಲ್ಲು, ಟ್ಯಾಂಕರು, ಅಷ್ಟೇ. ಕೋಲಾರ ಜಿಲ್ಲೇಲಿ ವರ್ಸಪೂರ್ತಿ ಹರಿಯೋ ನದಿ ಒಂದೂ ಇಲ್ಲ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ ಜಿಲ್ಲೆ ಕೆರೆಗೊಳಿಗೆ ಬಿಡೋಕೆ ಶುರು ಮಾಡಿದ್ರಲ್ಲ, ಆವಾಗ ಕೆರೆ ತುಂಬಿದ್ದನ್ನ ನೋಡೋಕೇ ಜನ ಗಾಡಿ ಕಟ್ಕೊಂಡು ಓಗಿದ್ರು. ಅಂಥಾ ಬಯಲುಸೀಮೆಯೋಳು ನಾನು. ಐವತ್ತು ದಾಟೋವರ್ಗೂ ಸಮುದ್ರ ಕಣ್ಣಲ್ಲಿ ಕಂಡಿರ್ಲಿಲ್ಲ. ಇವತ್ತು ನಾನು ಕಡಲ ಮೇಲಿನ ಹಡಗಿನ ಕತೆ ಹೇಳ್ತೀನಿ ಅಂದ್ರೆ ನಗಬೇಡ್ರಮ್ಮ. ಯಾಕೆ ಹೇಳ್ತಿದೀನಿ ಅಂಬೋದು ಕೊನೇಗೆ ಗೊತ್ತಾಗ್ತೈತೆ.

ನಿಮ್ಗೆಲ್ಲಾ ಗೊತ್ತಿರೋ ಅಂಗೆ ನನ್ ದೊಡ್ ಮಗಳನ್ನ ಕೊಟ್ಟಿರೋದು ಹೊನ್ನಾವರದ ಕಡೆಗೆ. ಅವಳು ಅಲ್ಲೇ ಇಸ್ಕೂಲಲ್ಲಿ ಚರಿತ್ರೆ ಪಾಠ ಮಾಡ್ತಾಳೆ. 2020ನೇ ಇಸವಿ ಫೆಬ್ರವರೀಲಿ ಸೀಮಂತ ಮಾಡಿ ಬಂದ್ವಿ. ಚೊಚ್ಚಲ ಹೆರಿಗೆ ತವರುಮನೇಲೇ ಆಗ್ಬೇಕಲ್ಲ, ಯುಗಾದಿ ಮುಗಿಸ್ಕೊಂಡು ಕರ್ಕೊಂಬರೋದು ಅಂತ ಮಾತಾಗಿತ್ತು. ಆ ವರ್ಸ ಯುಗಾದಿ ಮಾರ್ಚ್ 25ಕ್ಕೆ. ಅವತ್ತೇ ದೇಶಕ್ಕೆಲ್ಲಾ ಲಾಕ್‌ಡೌನು ಬಿತ್ತು! ನಾನು ಬಾಣಂತಿ ಖಾರಕ್ಕೆ ಮೆಣಸು, ಶುಂಠಿ, ಹಿಪ್ಪಲಿ ಎಲ್ಲಾ ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದೆ. ಅಟ್ಟದ ಮೇಲಿಂದ ತೊಟ್ಲು ಇಳಿಸಿ ಒರೆಸಿಟ್ಟಿದ್ದೆ. ತೊಟ್ಲು ಅಲ್ಲೇ ನಿಂತ್ಕೊಂತು. ಪಾಸಿಗೆ ಅರ್ಜಿ ಹಾಕಿದ್ವಿ, ಬರ್ಲಿಲ್ಲ. ನಾನು ರಾತ್ರಿಯೆಲ್ಲಾ ನಿದ್ದೆ ಇಲ್ದೆ ಕೂತಿರ್ತಿದ್ದೆ.

ಆವಾಗ ಒಂದಿನ ಫೋನಲ್ಲಿ ನಮ್ ಅಳಿಯನ ಅಜ್ಜಿ ಮಾತಾಡಿದ್ರು. ಅವ್ರಿಗೆ ಆಗ್ಲೇ ಎಂಬತ್ತೈದು ದಾಟಿತ್ತು. ನಾನು ಅಳ್ತಾ ಇದ್ದಿದ್ದು ಕೇಳಿಸ್ಕೊಂಡು, "ಹೆದ್ರೂದು ಬ್ಯಾಡ ಮಗಾ, ಕಡಲು ಮುಚ್ಚಿದೆ ಅಂತ ತಿಳ್ಕೋ. ಮುಚ್ಚಿದ್ದು ತೆಗೀತದೆ" ಅಂದ್ರು. ನಾನು ಅಳೋದು ನಿಲ್ಸಿ, "ಕಡಲಿಗೂ ಬಾಗಿಲು ಐತಾ ಅಜ್ಜಿ?" ಅಂತ ಕೇಳ್ದೆ. ಅವ್ರು ನಕ್ಕುಬಿಟ್ರು. ಅದಾದ್ಮೇಲೆ ದಿನಾ ಸಾಯಂಕಾಲ ಅಡುಗೆ ಮುಗ್ದ ಮೇಲೆ ಫೋನು. ಅಜ್ಜಿ ತಮ್ಮ ಹಳೇ ಕತೆ ಹೇಳೋರು, ಮಗಳು ತನ್ನ ಪುಸ್ತಕದಲ್ಲಿ ಇರೋದು ಹೇಳೋಳು. ನಾನು ಪಿಯುಸಿ ಓದಿದೋಳು, ಇಸವಿ ಬಾಯಿಪಾಠ ಮಾಡಿ ಮರ್ತುಬಿಟ್ಟಿದ್ದೆ. ಈಗ ಕೇಳಿದ್ದು ಮಾತ್ರ ಮರೀಲಿಲ್ಲ.

ಮೊದ್ಲು ಬಾಗಿಲ ಸಂಗತಿ. ನಮ್ಗೆ ಮಳೆಗಾಲ ಅಂದ್ರೆ ಮುಖ ಎತ್ತಿ ಕಾಯೋದು. ಅವ್ರಿಗೆ ಮಳೆಗಾಲ ಅಂದ್ರೆ ಕದ ಹಾಕ್ಕೊಳ್ಳೋದು. ಜೂನಿಂದ ಸೆಪ್ಟೆಂಬರ್‌ವರ್ಗೂ ನೈಋತ್ಯದ ಗಾಳಿ ಸಮುದ್ರದ ಕಡೆಯಿಂದ ದಡಕ್ಕೆ ಬಡೀತೈತೆ. ಅಲೆ ಎದ್ದು ನದಿ ಬಾಯಲ್ಲಿರೋ ಮರಳು ದಿಬ್ಬದ ಮೇಲೆ ಒಡೀತಾವೆ. ದೋಣಿ ಒಳಕ್ಕೂ ಬರಂಗಿಲ್ಲ, ಹೊರಕ್ಕೂ ಓಗಂಗಿಲ್ಲ. ದೋಣಿಗಳ್ನ ದಡಕ್ಕೆಳೆದು ತೆಂಗಿನ ಗರಿ ಹೊದಿಸಿ ಮಲಗಿಸೋರು. ಶ್ರಾವಣದ ಹುಣ್ಣಿಮೆ ದಿನ, ನಮ್ ಕಡೆ ನೂಲು ಹುಣ್ಣಿಮೆ ಅಂತೀವಲ್ಲ ಅವತ್ತು, ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡ್ತಾರೆ. ಅದಾದ್ಮೇಲೆ ಕಡಲು ಮೆಲ್ಲಗೆ ಶಾಂತ ಆಗ್ತೈತೆ. ದೀಪಾವಳಿ ಒತ್ತಿಗೆ ಪೂರ್ತಿ ತೆರೀತೈತೆ.

ಚಳಿಗಾಲದಲ್ಲಿ ಇನ್ನೊಂದು ಅನುಕೂಲ. ರಾತ್ರಿ ಭೂಮಿ ತಣ್ಣಗಾದಾಗ ದಡದಿಂದ ಸಮುದ್ರದ ಕಡೆಗೆ ಗಾಳಿ, ಹಗಲು ಭೂಮಿ ಕಾದಾಗ ಸಮುದ್ರದಿಂದ ದಡದ ಕಡೆಗೆ ಗಾಳಿ. ಬೆಳಗಿನ ಜಾವ ಹಾಯಿ ಬಿಚ್ಚಿದ್ರೆ ನೆಲದ ಗಾಳಿ ದೋಣೀನ ಒರ್ಗೆ ತಳ್ತೈತೆ. ಮಧ್ಯಾಹ್ನ ಮೇಲೆ ವಾಯುವ್ಯದ ಗಾಳಿ ತೆಂಕಣ ದಿಕ್ಕಿಗೆ ತಳ್ತೈತೆ. ಅದಕ್ಕೇ ಗುಜರಾತು, ಗೋವಾ ಕಡೆಯಿಂದ ಹೊನ್ನಾವರ, ಬಸರೂರು, ಮಂಗಳೂರು, ಕಲ್ಲಿಕೋಟೆ ಅಂತ ದಕ್ಷಿಣಕ್ಕೆ ಇಳಿಯೋರೆಲ್ಲಾ ಈ ಚಳಿಗಾಲದಲ್ಲೇ ಇಳೀತಿದ್ರು. ಇಂಜಿನ್ನು ಬರೋಕೆ ಮುಂಚೆ ಸಾವಿರಾರು ವರ್ಸ ಇದೇ ಕ್ರಮ.

ಅಂಗೆ ಇಳಿದೋರಲ್ಲಿ ಒಬ್ಬ ಇಬ್ನ್ ಬತೂತ. ಮೊರಾಕ್ಕೊ ದೇಶದೋನು. ದಿಲ್ಲಿಯ ಮಹಮದ್ ಬಿನ್ ತುಘಲಕ್ ಇವನನ್ನ ಚೀನಾಕ್ಕೆ ರಾಯಭಾರಿ ಮಾಡಿ 1342ರಲ್ಲಿ ಕಳಿಸ್ದ. ಗುಜರಾತಲ್ಲಿ ಹಡಗು ಹತ್ತಿ ದಡ ಹಿಡ್ಕೊಂಡು ಕೆಳಗೆ ಬಂದ. ಗೋವಾ ದಾಟಿ ಹೊನ್ನಾವರಕ್ಕೆ ಬಂದ. ನನ್ ಮಗಳ ಊರು! ಅವಳು ಇದನ್ನ ಹೇಳೋವಾಗ ದನಿ ಬದಲಾಗಿತ್ತು. ಯಾಕಂದ್ರೆ ಅವನು ಬರೆದವ್ನೆ: ಹೊನ್ನಾವರದಲ್ಲಿ ಹೆಣ್ಮಕ್ಕಳಿಗೆ ಅಂತಲೇ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ, ಇಂಥದ್ದು ಬೇರೆಲ್ಲೂ ಕಾಣ್ಲಿಲ್ಲ ಅಂತ. ಅಲ್ಲಿನ ಮುಸಲ್ಮಾನ್ ಹೆಂಗಸ್ರೆಲ್ಲಾ ಖುರಾನನ್ನ ಬಾಯಿಪಾಠ ಮಾಡಿದ್ರಂತೆ. ಹೊಲಿಯದೇ ಇರೋ ಬಟ್ಟೆ ಉಡ್ತಾರೆ, ಒಂದು ತುದಿ ಸೊಂಟಕ್ಕೆ ಸುತ್ತಿ ಉಳಿದದ್ದನ್ನ ತಲೆ, ಎದೆ ಮೇಲೆ ಹೊದ್ಕೊಂತಾರೆ, ಮೂಗಿಗೆ ಚಿನ್ನದ ಉಂಗುರ ಹಾಕ್ತಾರೆ ಅಂತ ಕೂಡ ಬರೆದವ್ನೆ. ಸೀರೆ, ಮೂಗುಬೊಟ್ಟು! ಅವ್ನಿಗೆ ಅದು ವಿಚಿತ್ರ, ನಮ್ಗೆ ಮನೆ ಮಾತು. ಏಳುನೂರು ವರ್ಸದ ಹಿಂದೆ ನಮ್ ದೇಶದ ಒಂದು ಕಡಲೂರಲ್ಲಿ ಹೆಣ್ಮಕ್ಕಳ ಶಾಲೆ ಇತ್ತು ಅಂದ್ರೆ, ನಮ್ಮಮ್ಮ ಯಾಕೆ ಹೆಬ್ಬೆಟ್ಟು ಒತ್ತಬೇಕಾಯ್ತು ಅಂತ ನನ್ಗೆ ಅವತ್ತು ಯೋಚನೆ ಬಂತು.

ಊಟದ ವಿಷ್ಯ ಅಂತೂ ಕೇಳ್ಬೇಕು. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೇಲಿ ಅವ್ನಿಗೆ ಊಟ. ರೇಷ್ಮೆ ಉಟ್ಟ ಹೆಣ್ಣುಮಗಳು ಬಂದು ಸೌಟಲ್ಲಿ ಅನ್ನ ಬಡಿಸಿ ಮೇಲೆ ತುಪ್ಪ ಹುಯ್ಯೋಳು. ಪಕ್ಕಕ್ಕೆ ಉಪ್ಪಲ್ಲಾಕಿದ ಹಸಿ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವಿನಕಾಯಿ. ಒಂದು ತುತ್ತು ಅನ್ನ, ಒಂದು ಚೂರು ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ, ಪ್ರತಿ ಸಲಾನೂ ಒಂದೊಂದು ಸೌಟು ಅನ್ನ. ಕೊನೇಗೆ ಮೊಸರು. ಮೊಸರು ಬಂದ್ರೆ ಊಟ ಮುಗೀತು ಅಂತ ತಿಳ್ಕೋಬೇಕು ಅಂತ ಬರೆದವ್ನೆ. ಇವತ್ತಿಗೂ ಅದೇ ಅಲ್ವೇನ್ರಮ್ಮ? ಮೆಣಸು ಅಂದ್ರೆ ಕಾಳುಮೆಣಸೇ ಆಗಿರ್ಬೇಕು, ಮೆಣಸಿನಕಾಯಿ ಇನ್ನೂ ಬಂದಿರ್ಲಿಲ್ಲ. ಅದು ಪೋರ್ಚುಗೀಸರು ಬಂದ್ಮೇಲೆ ಬಂದಿದ್ದು. ಆದ್ರೆ ಪಾಪ, ಗೋಧಿ ರೊಟ್ಟಿ ತಿನ್ನೋನಿಗೆ ಇನ್ನೊಂದು ಸಲ ಬಂದಾಗ ಹನ್ನೊಂದು ತಿಂಗ್ಳು ಬರೀ ಅನ್ನ. ಆಮೇಲೆ ಮಾಲ್ಡೀವ್ಸು, ಸಿಂಹಳ ಎಲ್ಲಾ ಸೇರಿ ಮೂರು ವರ್ಸ ಅನ್ನ ಉಂಡು ಉಂಡು, ಕೊನೆಗೆ ನೀರು ಕುಡೀದೆ ಗಂಟಲಲ್ಲಿ ಇಳೀತಿರ್ಲಿಲ್ವಂತೆ. ನನ್ಗೆ ಅವನ ಸಂಕಟ ಚೆನ್ನಾಗಿ ಅರ್ಥ ಆಗ್ತೈತೆ. ಬೀಗರ ಮನೇಲಿ ನಾಕು ದಿನ ಅನ್ನ ಉಂಡ್ರೆ ಐದನೇ ದಿನಕ್ಕೆ ನನ್ಗೆ ರಾಗಿಮುದ್ದೆ ಕನಸಲ್ಲಿ ಬರ್ತೈತೆ.

ಇನ್ನೊಬ್ಬ ಇಟಲಿಯೋನು, ಪಿಯತ್ರೊ ದೆಲ್ಲಾ ವಾಲ್ಲೆ. 1623ರ ಅಕ್ಟೋಬರಲ್ಲಿ, ಕಡಲು ತೆರೆದ ಕೂಡ್ಲೇ, ಗೋವಾದಿಂದ ಹಡಗಲ್ಲಿ ಹೊನ್ನಾವರಕ್ಕೆ ಇಳಿದ. ಪೋರ್ಚುಗೀಸರ ರಾಯಭಾರಿ ಇಕ್ಕೇರಿಯ ವೆಂಕಟಪ್ಪ ನಾಯಕರ ತಾವ ಓಗ್ತಿದ್ದ, ಅವನ ಜತೆ ಇವನು. ಈ ಮನುಷ್ಯನ ಮನೆ ಕತೆ ಕೇಳಿದ್ರೆ ಕರುಳು ಚುರ್ರನ್ನತ್ತೆ. ಹೆಂಡ್ತಿ ಮಾನಿ ಪರ್ಷಿಯಾದಲ್ಲಿ ತೀರ್ಕೊಂಡ್ಳು. ಅಲ್ಲೇ ಮಣ್ಣು ಮಾಡೋಕೆ ಮನಸ್ಸು ಬರ್ದೆ, ದೇಹ ಕೆಡದಂಗೆ ಮಾಡಿಸಿ ಪೆಟ್ಟಿಗೇಲಿಟ್ಕೊಂಡು ದೇಶದಿಂದ ದೇಶಕ್ಕೆ ಹೊತ್ಕೊಂಡೇ ತಿರುಗಿ, ಕೊನೆಗೆ ರೋಮಿಗೆ ತಗೊಂಡೋಗಿ ಸಮಾಧಿ ಮಾಡ್ದ.

ಅವನ ಕಣ್ಣಿಗೆ ಬಿದ್ದಿದ್ದು ನೋಡ್ರಿ. ಘಟ್ಟದ ದಾರೀಲಿ ಗುಡಿ ಜಗುಲಿ ಮೇಲೆ ನಾಕು ಹುಡುಗ್ರು ನೆಲದ ಮೇಲೆ ಮರಳು ಹರವಿ ಬೆರಳಲ್ಲಿ ಬರೀತಾ, ಒಟ್ಟಿಗೆ ರಾಗವಾಗಿ ಹೇಳ್ತಾ ಲೆಕ್ಕ ಕಲೀತಿದ್ರಂತೆ. ಮರಳ ಮೇಲೆ ಅಕ್ಷರ ತೀಡಿ ಕಲಿತ ನಮ್ ತಾತಂದಿರು ನೆನಪಾಗ್ಲಿಲ್ವಾ? ಇಕ್ಕೇರೀಲಿ ಜಕ್ಕಮ್ಮ ಅನ್ನೋ ತೆಲುಗು ಹೆಂಗಸು, ಗಂಡ ತೀರ್ಕೊಂಡು ಇನ್ನೂ ಮೂರು ವಾರ ತುಂಬಿಲ್ಲ, ಸಹಗಮನಕ್ಕೆ ಹೊರಟವಳ ಮನೆಗೇ ಓಗಿ ಕೂತು ಮಾತಾಡಿ, ಬೇಡ ಅಂತ ಹೇಳಿ ನೋಡ್ದ. ಅವಳು ಕೇಳ್ಲಿಲ್ಲ. ಮನೇಲಿ ಎಳೇ ಮಕ್ಕಳಿದ್ರು. ನಿನ್ ಹೆಸ್ರು ಉಳಿಯೋಂಗೆ ಬರೀತೀನಿ ಅಂತ ಮಾತು ಕೊಟ್ಟು, ಅಂಗೇ ಬರೆದ. ನಾನೂರು ವರ್ಸ ಆದ್ಮೇಲೆ ತೆಲುಗು ಮಾತಾಡೋ ಮುಳಬಾಗಿಲು ಸೀಮೆ ಪಕ್ಕದ ನಾನು ಆ ಹೆಸರು ಹೇಳ್ತಿದೀನಿ. ಹೆಸರು ಉಳೀತು. ಆ ಮಕ್ಕಳು ಏನಾದ್ವು ಅಂತ ಮಾತ್ರ ನನ್ ಮನಸ್ಸು ಕೇಳ್ತಾನೇ ಐತೆ.

ಅಲ್ಲಿಂದ ಬಸರೂರಿಗೆ ಇಳಿದು ದೋಣಿ ಹತ್ತಿ ಮಂಗಳೂರಿಗೆ ಬಂದ. ಡಿಸೆಂಬರು. ಉಳ್ಳಾಲದ ರಾಣಿ ಅಬ್ಬಕ್ಕದೇವೀನ ನೋಡ್ಬೇಕು ಅಂತ ಹುಡುಕ್ಕೊಂಡು ಓದ. ರಾಣಿ ಅಂದ್ರೆ ಸಿಂಹಾಸನದ ಮೇಲೆ ಇರ್ತಾಳೆ ಅಂದ್ಕೊಂಡ್ರೆ, ಅವಳು ಹೊಲದ ಕಡೆ ಕಾಲುವೆ ತೋಡಿಸ್ತಾ, ಬರಿಗಾಲಲ್ಲಿ ನಡ್ಕೊಂಡು ಬರ್ತಿದ್ಳಂತೆ. ಮೇಲೆ ತಾಳೆಗರಿ ಕೊಡೆ. ಅಡುಗೆಯೋಳ ಥರಾ ಕಾಣ್ತಾಳೆ, ಆದ್ರೆ ಮಾತಾಡಿದ್ರೆ ರಾಣಿ ಅಂತ ಗೊತ್ತಾಗ್ತೈತೆ ಅನ್ನೋ ಅರ್ಥದಲ್ಲಿ ಬರೆದವ್ನೆ. ಪೋರ್ಚುಗೀಸರಿಗೆ ಬಗ್ಗದ ರಾಣಿ, ಗದ್ದೆಗೆ ನೀರು ಬಂತಾ ಅಂತ ತಾನೇ ನಿಂತು ನೋಡ್ತಿದ್ಳು. ಅದೇ ತಿಂಗ್ಳು ಇಟಲಿಯೋನು ಮಂಗಳೂರಿಂದ ಮತ್ತೆ ಹಡಗು ಹತ್ತಿ ಕಲ್ಲಿಕೋಟೆಗೆ ಓದ.

ಶಿವಾಜಿ ಮಹಾರಾಜರೂ ಇದೇ ದಾರಿ ಹಿಡಿದೋರು. 1665ರ ಫೆಬ್ರವರೀಲಿ ಮಾಲವಣದಿಂದ 85 ಸಣ್ಣ ಹಡಗು, ಮೂರು ದೊಡ್ಡ ಹಡಗು ಕಟ್ಕೊಂಡು ದಕ್ಷಿಣಕ್ಕೆ ಬಂದು, ಸಾಹುಕಾರ್ರು ತುಂಬಿದ್ದ ಬಸರೂರನ್ನ ಲೂಟಿ ಮಾಡಿ, ವಾಪಸ್ ಓಗ್ತಾ ಗೋಕರ್ಣದಲ್ಲಿ ಸ್ನಾನ ಮಾಡಿ ಓದ್ರು. ಶಿವರಾತ್ರಿ ಕಾಲ. ಚಳಿಗಾಲ ಮುಗೀತಾ ಬರೋವಾಗ ಬಡಗಣ ಗಾಳಿ ಎದುರಾಗಿ ವಾಪಸ್ ದಾರಿ ತಡ ಆಯ್ತಂತೆ. ದಕ್ಷಿಣಕ್ಕೆ ಇಳಿಯೋದು ಸುಲಭ, ಉತ್ತರಕ್ಕೆ ಏರೋದು ಕಷ್ಟ. ತವರಿಗೆ ಓಗೋದು ಸುಲಭ, ಗಂಡನ ಮನೆಗೆ ವಾಪಸ್ ಬರೋದು ಕಷ್ಟ ಅಂದಂಗೆ!

ಆಮೇಲೆ ಇಂಗ್ಲಿಷರ ಕಾಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೇನ ಮದ್ರಾಸಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ರು. ಆವಾಗ ಅಮೆರಿಕಾದಲ್ಲಿ ಅವ್ರವ್ರೇ ಯುದ್ಧ, ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗೆ ಬರ್ತಿರ್ಲಿಲ್ಲ. ಧಾರವಾಡದ ಕಡೆ ಹತ್ತಿಗೆ ಚಿನ್ನದ ಬೆಲೆ. ಗಾಡಿ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು ಮುಂಬಯಿಗೆ ಓಗೋದು. ಹತ್ತಿ ಬೆಳೆದಿದ್ದು ಧಾರವಾಡ, ಹೆಸರು ಬಂದಿದ್ದು ಕುಮಟಾಕ್ಕೆ. ಕುಮಟಾ ಹತ್ತಿ ಅಂತಲೇ ಅದು ವಿಲಾಯಿತಿವರ್ಗೂ ಪ್ರಸಿದ್ಧಿ. ಇತ್ತ ಮಂಗಳೂರಲ್ಲಿ ಬಾಸೆಲ್ ಮಿಷನ್ನೋರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ರು. ಆ ಹೆಂಚು ಹಡಗಿನ ಮೇಲೆ ಮುಂಬಯಿಗೂ ಇನ್ನೂ ದೂರಕ್ಕೂ ಓತು. ನಮ್ ಮಾಲೂರು ಹೆಂಚಿಗೆ ಹೆಸರುವಾಸಿ ಅಂತ ಬೀಗ್ತೀವಲ್ಲ, ಆ ನಮೂನೆ ಹೆಂಚಿನ ತವರುಮನೆ ಕಡಲ ದಂಡೆ ಕಣ್ರಮ್ಮ! ನಮ್ ಹಳೇ ಮನೆ ಮಾಡಿಗೂ ಆ ಕಡಲಿಗೂ ನಂಟು ಐತೆ ಅಂತ ನನ್ಗೆ ಗೊತ್ತೇ ಇರ್ಲಿಲ್ಲ.

ಅದೇ ಕಾಲಕ್ಕೆ ಹೊಗೆಹಡಗು ಬಂತು. ಕಲ್ಲಿದ್ದಲು ಉರಿಸಿ ಓಡೋದು. ಬೆಂಕಿಯ ದೋಣಿ ಅನ್ನೋ ಅರ್ಥದಲ್ಲಿ ಮರಾಠೀಲಿ ಆಗಬೋಟು, ಅವ್ರ ಕಡೆ ಕನ್ನಡದಲ್ಲೂ ಆಗಬೋಟಿ. ಗಾಳಿ ಕಾಯೋದು ತಪ್ತು. ಆದ್ರೆ ಬಾಗಿಲು ತಪ್ಲಿಲ್ಲ. ಇಂಜಿನ್ನು ಇದ್ರೂ ಮಳೆಗಾಲದಲ್ಲಿ ಈ ಸಣ್ಣ ಬಂದರುಗಳಿಗೆ ಬೋಟು ಬರಂಗಿರ್ಲಿಲ್ಲ. ಯಾಕಂದ್ರೆ ಹಡಗು ದಡಕ್ಕೆ ತಾಗೋ ಅಂಗೆ ಕಟ್ಟೆ ಇಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲೋದು, ಜನ ಸಣ್ಣ ದೋಣೀಲಿ ಓಗಿ ಹತ್ತೋದು. ಅಲೆ ಎದ್ರೆ ಮುಗೀತು.

ರವೀಂದ್ರನಾಥ ಟಾಗೋರರು 22 ವರ್ಸದ ಹುಡುಗ ಆಗಿದ್ದಾಗ ಕಾರವಾರದಲ್ಲಿ ಇದ್ರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜು. ಬೆಳದಿಂಗಳ ರಾತ್ರಿ ಕಾಳಿ ನದೀಲಿ ದೋಣೀಲಿ ಓಗಿ ಬಂದಿದ್ದನ್ನ ಮುಪ್ಪಿನವರ್ಗೂ ಮರೀಲಿಲ್ಲ. ಅಲ್ಲೇ ಒಂದು ನಾಟಕ ಬರೆದ್ರು. ಆ ಕಡಲ ದಂಡೆಗೆ ಇವತ್ತು ಅವ್ರದ್ದೇ ಹೆಸರು. ಆ ಸತ್ಯೇಂದ್ರನಾಥರ ಹೆಂಡ್ತಿ ಜ್ಞಾನದಾನಂದಿನಿ ದೇವಿ ಇದಾರಲ್ಲ, ಮುಂಬಯಿಯ ಪಾರ್ಸಿ ಹೆಂಗಸ್ರನ್ನ ನೋಡಿ ಸೀರೆ ಉಡೋ ಕ್ರಮ ಕಲಿತು, ಕುಪ್ಪಸ, ನೆರಿಗೆ, ಎಡ ಭುಜದ ಮೇಲೆ ಸೆರಗು ಅಂತ ಬಂಗಾಳದ ಹೆಂಗಸ್ರಿಗೆ ಕಲಿಸಿದೋರು. ಇವತ್ತು ನಾವೆಲ್ಲಾ ಉಡೋ ಕ್ರಮಕ್ಕೆ ಅದು ಬಲು ಹತ್ರ.

ಈಗ ನಮ್ ಅಜ್ಜಿ ಕತೆ. ಸ್ವಾತಂತ್ರ್ಯ ಬಂದು ಐದಾರು ವರ್ಸ ಆಗಿತ್ತು. ಆವಾಗ ನಾವು ಮೈಸೂರು ರಾಜ್ಯ, ಮಂಗಳೂರು ಮದ್ರಾಸು, ಹೊನ್ನಾವರ ಕಾರವಾರ ಮುಂಬಯಿ ರಾಜ್ಯ. 1956ರ ನವೆಂಬರ್ 1ಕ್ಕೆ ಎಲ್ಲಾ ಒಂದಾಗಿದ್ದು. ಅವ್ರಿಗೆ ರಾಜಧಾನೀನೂ ಮುಂಬಯೇ, ಅನ್ನ ಹಾಕೋದೂ ಮುಂಬಯೇ. ಅಜ್ಜಿ ಗಂಡ ಅಲ್ಲಿ ಹೋಟ್ಲಲ್ಲಿ ಕೆಲಸ. ಒಂದು ಕೋಣೆ ಸಂಸಾರ. ಅಜ್ಜಿಗೆ ಚೊಚ್ಚಲು, ಏಳು ತಿಂಗ್ಳು. ಹೆರಿಗೆಗೆ ಊರಿಗೆ ಬರ್ಬೇಕು. ರೈಲಲ್ಲಿ ಪುಣೆ, ಹುಬ್ಬಳ್ಳಿ ಬಳಸಿ ಘಟ್ಟ ಇಳಿಯೋದಕ್ಕೆ ದುಡ್ಡೂ ಜಾಸ್ತಿ, ಕುಲುಕಾಟಾನೂ ಜಾಸ್ತಿ. ಗಂಡನಿಗೆ ರಜ ಇಲ್ಲ. ಊರ ಕಡೆಯ ಇನ್ನೊಂದು ಸಂಸಾರದ ಜತೆ ಮಾಡಿ ಡಿಸೆಂಬರಲ್ಲಿ ಆಗಬೋಟಿ ಹತ್ತಿಸ್ದ.

ಡೆಕ್ಕಿನ ಮೇಲೆ ಚಾಪೆ ಹಾಸ್ಕೊಂಡು ಜಾಗ ಹಿಡಿಯೋದು. ಗಂಟಲ್ಲಿ ಅವಲಕ್ಕಿ, ಬೆಲ್ಲ, ಕೊಬ್ಬರಿ. ಮೂಸೋಕೆ ನಿಂಬೆಹಣ್ಣು. ಹೆಂಗಸ್ರೆಲ್ಲಾ ವಾಂತಿ. ಅಜ್ಜಿ ಹೇಳ್ತಾರೆ, "ನಂಗೆ ಬಸುರಿ ವಾಂತಿ ಯಾವ್ದು, ಕಡಲ ವಾಂತಿ ಯಾವ್ದು ಅಂತ ಗೊತ್ತೇ ಆಗ್ಲಿಲ್ಲ." ಪ್ರತಿ ಬಂದರಲ್ಲೂ ನಿಂತು ನಿಂತು, ಎರಡು ರಾತ್ರಿ ಕಳೆದು ಕಾರವಾರ. ಎಡಗಡೆ ದಡದ ದೀಪ ಕಾಣ್ತಾ ಇದ್ರೆ ಧೈರ್ಯ, ದೀಪ ಮರೆ ಆದ್ರೆ ಎದೆ ಡವಡವ. ಕಾರವಾರದ ಎದುರು ದೇವಗಡ ದ್ವೀಪದ ದೀಪಸ್ತಂಭ ಕಂಡಾಗ ಬೋಟಿನ ಮೇಲಿದ್ದ ಊರಿನೋರೆಲ್ಲಾ ಎದ್ದು ನಿಂತು ಕೈ ಮುಗಿದ್ರಂತೆ. ಏಳು ತಿಂಗ್ಳ ಬಸುರಿ ಏಣಿ ಇಳಿದು, ಮೇಲೆ ಕೆಳಗೆ ಆಡ್ತಿರೋ ಸಣ್ಣ ದೋಣಿಗೆ ಕಾಲಿಡಬೇಕು. ದೋಣಿಯೋನು, "ಅಲೆ ಮೇಲೆ ಬಂದಾಗ ಕಾಲಿಡು ತಂಗಿ, ಕೆಳಗೆ ಓದಾಗ ಇಡಬೇಡ" ಅಂದನಂತೆ. ಅಲ್ಲಿಂದ ಬಸ್ಸು, ಗಂಗಾವಳಿ ಹೊಳೆ ದೋಣಿ, ಮತ್ತೆ ಬಸ್ಸು, ಅಘನಾಶಿನಿ ಹೊಳೆ ದೋಣಿ. ನದಿಗಳಿಗೆ ಸೇತುವೆ ಇರ್ಲಿಲ್ಲ.

ಫೆಬ್ರವರೀಲಿ ಗಂಡುಮಗು ಆಯ್ತು. ಕಾಗದ ಮುಂಬಯಿಗೆ ಓತು. ಗಂಡನಿಗೆ ರಜ ಸಿಗೋ ಒತ್ತಿಗೆ ಜೂನು, ಕಡಲು ಮುಚ್ತು. ಅವನು ಮಗನ ಮುಖ ನೋಡಿದ್ದು ಎಂಟು ತಿಂಗ್ಳು ಆದ್ಮೇಲೆ, ಮೊದಲ್ನೇ ಬೋಟಲ್ಲಿ ಬಂದು. ಮಗು ಅಪ್ಪನ್ನ ನೋಡಿ ಕಿಟಾರ್ ಅಂತ ಕಿರುಚಿ ಅಜ್ಜಿ ಸೆರಗಲ್ಲಿ ಮುಖ ಮುಚ್ಕೊಂತಂತೆ. "ಬೋಟಿ ಕಂಪನಿ ಮೇಲೆ ಸಿಟ್ಟು ಬರ್ಲಿಲ್ವಾ ಅಜ್ಜಿ?" ಅಂದೆ. "ಕಡಲ ಮೇಲೆ ಯಾರು ಸಿಟ್ಟು ಮಾಡ್ತಾರೆ? ಮುಚ್ಚಿದಾಗ ಹೊರಟೋರ ಗತಿ ನಮ್ಗೆ ಗೊತ್ತಿತ್ತು" ಅಂದ್ರು. ಅವ್ರು ಹೇಳಿದ್ದು ರಾಮದಾಸ್ ಅನ್ನೋ ಹಡಗಿನ ಮಾತು. 1947ರ ಜುಲೈ 17, ಆಷಾಢ ಅಮಾಸೆ, ಸ್ವಾತಂತ್ರ್ಯಕ್ಕೆ ಇನ್ನೊಂದೇ ತಿಂಗ್ಳು. ಮುಂಬಯಿಂದ ರೇವಸ್ಸಿಗೆ ಓಗೋ ಸಣ್ಣ ಪ್ರಯಾಣ, ಒಂದೆರಡು ಗಂಟೆ ದಾರಿ. ಹಬ್ಬಕ್ಕೆ ಊರಿಗೆ ಹೊರಟ ಜನ. ಗಾಳಿಮಳೆಗೆ ಸಿಕ್ಕಿ ಮುಳುಗಿ 600ಕ್ಕೂ ಹೆಚ್ಚು ಜನ ಓದ್ರು.

ಕಾಲ ಬದಲಾಯ್ತು. ಹೊಳೆಗಳಿಗೆ ಸೇತುವೆ ಬಂತು, ಹೆದ್ದಾರಿ ಬಂತು, 1998ರಲ್ಲಿ ಕೊಂಕಣ ರೈಲು ಬಂತು. ಆ ಸಾಲಲ್ಲಿ ಎಲ್ಲಕ್ಕಿಂತ ಉದ್ದದ ಸೇತುವೆ ಇರೋದು ಹೊನ್ನಾವರದ ಶರಾವತಿ ಮೇಲೇನೇ, ಎರಡು ಕಿಲೋಮೀಟರಿಗೂ ಜಾಸ್ತಿ. ಜನಗಳ ಆಗಬೋಟಿ ನಿಂತೋಯ್ತು. ಈಗ ಅಲ್ಲಿ ಓಡೋದು ಮೀನಿನ ಮೋಟಾರು ಬೋಟು, 1950ರ ದಶಕದ ಕೊನೇಲಿ ಶುರುವಾಗಿದ್ದು. ಅದಕ್ಕೂ ಬಾಗಿಲು ಐತೆ. ಸರ್ಕಾರದೋರೇ ಜೂನ್ 1ರಿಂದ ಜುಲೈ 31ರವರ್ಗೂ 61 ದಿನ ಯಂತ್ರದ ಬೋಟು ಇಳಿಸಬಾರದು ಅಂತ ಮಾಡವ್ರೆ, ಮೀನು ಮರಿ ಮಾಡೋ ಕಾಲ ಅಂತ. ಹಿಂದಿನೋರು ಹೆದರಿ ಮುಚ್ಚಿದ್ದನ್ನ ಈಗ ಲೆಕ್ಕ ಹಾಕಿ ಮುಚ್ತಾರೆ.

ತೆರೆದ ಕಡಲೂ ನಂಬಿಕೆ ಅಲ್ಲ. 2018ರ ಡಿಸೆಂಬರಲ್ಲಿ, ಒಳ್ಳೇ ಚಳಿಗಾಲದಲ್ಲಿ, ಮಲ್ಪೆಯಿಂದ ಓದ ಸುವರ್ಣ ತ್ರಿಭುಜ ಅನ್ನೋ ಬೋಟು ಏಳು ಜನರ ಸಮೇತ ಕಾಣೆಯಾಯ್ತು. ಅದ್ರಲ್ಲಿ ಐದು ಜನ ಉತ್ತರ ಕನ್ನಡದೋರು. ಅವ್ರ ಮನೆ ಹೆಂಗಸ್ರು ನಾಕೂವರೆ ತಿಂಗ್ಳು ಫೋನ್ ಹಿಡ್ಕೊಂಡು ಕೂತಿದ್ರು. 2019ರ ಮೇ ತಿಂಗ್ಳಲ್ಲಿ ನೌಕಾಪಡೆಯೋರು ಮಾಲವಣದ ಕಡೆ ಸಮುದ್ರದ ತಳದಲ್ಲಿ ಅದರ ಅವಶೇಷ ಹುಡುಕಿದ್ರು. ಶಿವಾಜಿ ಹಡಗು ಹೊರಟ ಅದೇ ಮಾಲವಣ. ಇದನ್ನ ಮಗಳು ಹೇಳಿದ್ ದಿನ ನನ್ಗೆ ನನ್ನ ಕಾಯೋದು ಎಷ್ಟು ಸಣ್ಣದು ಅಂತ ಗೊತ್ತಾಯ್ತು. ನನ್ ಮಗಳ ದನಿ ದಿನಾ ಕೇಳಿಸ್ತಿತ್ತಲ್ಲ.

ಏಪ್ರಿಲ್ ಕೊನೇ ವಾರ ಹೆರಿಗೆ ಆಯ್ತು. ಹೆಣ್ಣುಮಗು. ಬಾಣಂತನ ಮಾಡಿದ್ದು ಬೀಗಿತ್ತಿ, ಕೂತ್ಕೊಂಡು ಹೇಳಿಕೊಟ್ಟಿದ್ದು ಅಜ್ಜಿ. ನನ್ ಖಾರದ ಡಬ್ಬಿ ಇಲ್ಲೇ ಇತ್ತು. ನಾನು ಫೋನಲ್ಲಿ ಹೇಳ್ತಿದ್ದೆ, ಇಷ್ಟು ಮೆಣಸು, ಇಷ್ಟು ತುಪ್ಪ ಅಂತ. ಅಜ್ಜಿ, "ಮೆಣಸಿನ ವಿಷ್ಯ ನಮ್ಗೆ ಹೇಳ್ಬ್ಯಾಡ ಮಗಾ" ಅನ್ನೋರು. ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳಿದ ಸೀಮೆ ಅದು. ಪೋರ್ಚುಗೀಸರು ಅವಳನ್ನ ಮೆಣಸಿನ ರಾಣಿ ಅಂತಲೇ ಕರೀತಿದ್ರು. ಅವ್ರಿಗೇ ನಾನು ಮೆಣಸಿನ ಪಾಠ ಮಾಡ್ತಿದ್ದೆ!

ಮೇ ಮೂರನೇ ವಾರ ಬಸ್ಸು ಬಿಟ್ರು. ಅದೇ ತಿಂಗ್ಳ ಕೊನೇಗೆ ನಾವಿಬ್ರೂ ಹೊರಟ್ವಿ. ಬಟ್ಟೆ ಗಂಟಿಗಿಂತ ಖಾರದ ಡಬ್ಬಿ, ರಾಗಿಹಿಟ್ಟೇ ಜಾಸ್ತಿ ಇತ್ತು. ತೊಟ್ಲು ಮಾತ್ರ ತಗೊಂಡೋಗಕ್ಕೆ ಆಗ್ಲಿಲ್ಲ. ಸಾಗರ ದಾಟಿ ಘಟ್ಟ ಇಳಿದು, ಗೇರುಸೊಪ್ಪೆ ಮೇಲೆ ಶರಾವತಿ ಪಕ್ಕ ಪಕ್ಕನೇ ಬಸ್ಸು. ಮಗೂನ ಎತ್ಕೊಂಡಾಗ ಅದು ನನ್ನ ನೋಡಿ ಕಿಟಾರ್ ಅಂತ ಕಿರುಚ್ತು. ಮುಖಕ್ಕೆ ಮಾಸ್ಕು ಬೇರೆ ಇತ್ತಲ್ಲ. ಅಜ್ಜಿ ಬಿದ್ದು ಬಿದ್ದು ನಕ್ರು. "ನೋಡು, ಮೊದಲ್ನೇ ಬೋಟಿ ಬಂತು" ಅಂದ್ರು.

ಮಾರನೇ ದಿನ ಸಾಯಂಕಾಲ ನನ್ನ ಕಡಲ ತಾವ ಕರ್ಕೊಂಡೋದ್ರು. ಆ ವರ್ಸ ಲಾಕ್‌ಡೌನಲ್ಲಿ ಮೀನುಗಾರರಿಗೆ ನಷ್ಟ ಆಗಿದ್ದಕ್ಕೆ ಬಾಗಿಲು ಹಾಕೋದನ್ನ ಜೂನ್ 15ಕ್ಕೆ ಮುಂದೂಡಿದ್ರು, 61 ದಿನದ ಬದಲು 47 ದಿನ. ಅದಕ್ಕೇ ಬೋಟುಗಳು ಇನ್ನೂ ಓಡಾಡ್ತಿದ್ವು. ಡಗಡಗ ಅಂತ ಒಂದು ದಕ್ಷಿಣದ ಕಡೆ ಓತು. ಇಬ್ನ್ ಬತೂತನೂ ಇದೇ ನೀರಲ್ಲಿ ಓದ, ಏಳು ತಿಂಗ್ಳ ಬಸುರಿ ನಮ್ ಅಜ್ಜೀನೂ ಇದೇ ನೀರಲ್ಲಿ ಬಂದ್ರು. ರಾಜರ ಹಡಗಿನ ಲೆಕ್ಕ, ಮೂರು ದೊಡ್ಡದು 85 ಸಣ್ಣದು ಅಂತ, ಯಾರೋ ಬರೆದಿಟ್ಟವ್ರೆ. ಅಲೆ ಮೇಲೆ ಬಂದಾಗ ಕಾಲಿಟ್ಟು ಇಳಿದ ಹೆಂಗಸ್ರ ಲೆಕ್ಕ ಯಾರೂ ಬರೆದಿಲ್ಲ. ಅದಕ್ಕೇ ನಾನು ಬರೆದೆ.

ಅಜ್ಜಿ ಓದ ವರ್ಸ ನೂಲು ಹುಣ್ಣಿಮೆ ಆದ ಮೇಲೆ, ಕಡಲು ತೆರೆದ ದಿನಗಳಲ್ಲೇ, ಮಲಗಿದ್ದಂಗೇ ತೀರ್ಕೊಂಡ್ರು. ಈಗ ಮೊಮ್ಮಗಳು ರಜಕ್ಕೆ ಲಕ್ಕೂರಿಗೆ ಬಂದ್ರೆ ಕೆರೆ ನೋಡಿ, "ಅಜ್ಜೀ, ಈ ಕಡಲಿಗೆ ಅಲೆ ಯಾಕಿಲ್ಲ?" ಅಂತ ಕೇಳ್ತಾಳೆ. ಇದ್ರಲ್ಲಿ ನೀರಿರೋದೇ ದೊಡ್ಡದು ಕಣೇ ಅಂತೀನಿ. ನಿಮ್ ನಿಮ್ ಮನೇಲೂ ಇಂಥಾ ಅಜ್ಜಿ ಇದ್ರೆ ಇವತ್ತೇ ಪಕ್ಕದಲ್ಲಿ ಕೂತು ಕೇಳ್ರಮ್ಮ. ಮೊದಲ್ನೇ ಸಲ ತವರಿಗೆ ಯಾವುದ್ರಲ್ಲಿ ಬಂದ್ರಿ, ಎತ್ತಿನ ಗಾಡೀಲಾ, ಬಸ್ಸಲ್ಲಾ, ನಡ್ಕೊಂಡಾ ಅಂತ. ನಾಳೆ ಕೇಳೋಣ ಅಂದ್ರೆ ಆ ಬಾಗಿಲು ಮತ್ತೆ ತೆರೆಯೋದಿಲ್ಲ.